ನಲವತ್ತೊಂದು ಅಡಿಯ ಗೆರೆ

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂಬ ಮಾತನ್ನು ಒಂದು ಕಾಲಕ್ಕೆ ನಾನು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಗೋಕಾಕದಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಇಂಜಿನಿಯರ್ ಸಾಹೇಬರ ಕಚೇರಿ. ಸಿವಿಲ್ ಡಿಪ್ಲೊಮಾ ಮುಗಿಸಿ, ಮೇಲೆ ಮೂರು ತಿಂಗಳು ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯುವ ಕ್ಯಾಡ್ ಕಲಿತು, ಅಂಕಲಗಿಯಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು, ಆ ಕಚೇರಿಯ ಒಂದೇ ಒಂದು ಕಂಪ್ಯೂಟರಿನ ಮುಂದೆ ನಾನು ಕೂರುತ್ತಿದ್ದೆ. ಅದಕ್ಕೆ ಸಾಹೇಬರ ಹೆಂಡತಿ ಹೂವಿನ ಬಟ್ಟೆಯ ಗೌಸು ಹೊಲಿದುಕೊಟ್ಟಿದ್ದರು. ಬೆಳಿಗ್ಗೆ ಗೌಸು ತೆಗೆದು ಮಡಿಚಿಟ್ಟು, ಊದುಬತ್ತಿ ತೋರಿಸಿ, ಆಮೇಲೆಯೇ ಸ್ವಿಚ್ ಹಾಕಬೇಕು ಎಂಬುದು ಸಾಹೇಬರ ಕಟ್ಟಪ್ಪಣೆ. ಊದುಬತ್ತಿ ತೋರಿಸಿಕೊಂಡ ವಸ್ತು ತಪ್ಪು ಮಾಡುತ್ತದೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ನನ್ನ ಕೆಲಸ ಹೊರಗಿನಿಂದ ಬಂದ ನಕ್ಷೆಗಳನ್ನು ಬಿಡಿಸುವುದು. ಕೊಲ್ಲಾಪುರ, ಬೆಳಗಾವಿಯ ದೊಡ್ಡ ಇಂಜಿನಿಯರುಗಳು ಮನೆಯ ನಕ್ಷೆಯನ್ನು ಪಿಡಿಎಫ್ ಮಾಡಿ ಕಳಿಸುತ್ತಿದ್ದರು. ನೋಡಲು ಚೆಂದ, ಮುಟ್ಟಲು ಬಾರದು. ಒಂದು ಗೋಡೆ ಸರಿಸಬೇಕಾದರೂ, ಮನೆ ಕಟ್ಟುವ ಗೌಂಡಿಗೆ ಕೆಲಸದ ನಕ್ಷೆ ತೆಗೆದುಕೊಡಬೇಕಾದರೂ ಅದನ್ನು ಕ್ಯಾಡ್ ಒಳಗೆ ತರಲೇಬೇಕು. ಹಾಗೆ ತರುವ ಒಂದು ಪ್ರೋಗ್ರಾಂ ಸಾಹೇಬರು ಎಲ್ಲಿಂದಲೋ ಸಿಡಿಯಲ್ಲಿ ಹಾಕಿಸಿಕೊಂಡು ಬಂದಿದ್ದರು. ಅದು ತರುತ್ತಿತ್ತು, ಆದರೆ ಪುಡಿ ಮಾಡಿ ತರುತ್ತಿತ್ತು. ಒಂದು ಉದ್ದ ಗೋಡೆ ಹದಿನೆಂಟು ತುಂಡು. ಬಾಗಿಲು ತೆರೆಯುವ ದುಂಡು ಗೆರೆ ಹತ್ತಾರು ಮೊಂಡು ಗೆರೆ. ಬರೆದ ಅಕ್ಷರ, ಅಂಕಿಗಳಂತೂ ಸಾವಿರಾರು ಕಡ್ಡಿ. ಎಲ್ಲ ಒಂದೇ ಪದರದಲ್ಲಿ ಕಲಸಿ ಬಿದ್ದಿರುತ್ತಿದ್ದವು.

ಪದರ ಎಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆ. ಗೋಡೆ ಒಂದರಲ್ಲಿ, ಬಾಗಿಲು ಒಂದರಲ್ಲಿ, ಬರಹ ಇನ್ನೊಂದರಲ್ಲಿ ಇಡಬಹುದು. ಬೇಡವಾದ ಹಾಳೆಯನ್ನು ಕಾಣದಂತೆ ಆರಿಸಬಹುದು. ನಾನು ಆ ಕಸವನ್ನೆಲ್ಲ ಹೆಕ್ಕಿ, ಬೇರೆ ಮಾಡಿ, ಗೋಡೆಗೆ ಬಿಳಿ, ಬಾಗಿಲಿಗೆ ಹಳದಿ, ಕಿಟಕಿಗೆ ಹಸಿರು ಬಣ್ಣ ಕೊಟ್ಟು, ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಊರಿಗೊಂದು ಫೋಲ್ಡರಿನಲ್ಲಿ ಜೋಡಿಸುತ್ತಿದ್ದೆ. ನಮ್ಮ ಮನೆಯಲ್ಲಿ ನನ್ನ ಸೀರೆಗಳು ಎಂದೂ ಅಷ್ಟು ಚೆಂದ ಮಡಿಕೆಯಾಗಿರಲಿಲ್ಲ. ಪುಡಿಯಾದ ಅಂಕಿಗಳನ್ನು ಕಂಡರೆ ಮಾತ್ರ ನನಗೆ ಮೈ ಉರಿಯುತ್ತಿತ್ತು. ಅವನ್ನೆಲ್ಲ ಒಂದು ಪದರಕ್ಕೆ ತಳ್ಳಿ ಆರಿಸಿಬಿಡುತ್ತಿದ್ದೆ.

ಇನ್ನೊಂದು ಕೆಲಸ ಉಳಿಯುತ್ತಿತ್ತು. ಪಿಡಿಎಫ್‌ನಿಂದ ಬಂದ ನಕ್ಷೆಗೆ ತನ್ನ ಅಳತೆ ತನಗೇ ಗೊತ್ತಿರುವುದಿಲ್ಲ. ಒಂದು ಗೆರೆಯನ್ನು ಹಿಡಿದು, ಇದು ಇಷ್ಟು ಅಡಿ ಎಂದು ಹೇಳಬೇಕು. ಉಳಿದ ಗೆರೆಗಳೆಲ್ಲ ಅದರ ಲೆಕ್ಕಕ್ಕೆ ತಾವೂ ಹಿಗ್ಗುತ್ತವೆ, ಇಲ್ಲವೇ ಕುಗ್ಗುತ್ತವೆ. ಹಾಗೆ ಹಿಡಿಯುವಾಗ ನಕ್ಷೆಯ ಅತಿ ಉದ್ದದ ಗೆರೆಯನ್ನೇ ಹಿಡಿಯಬೇಕು. ಕೈ ಕೂದಲೆಳೆಯಷ್ಟು ತಪ್ಪಿದರೂ ಅಷ್ಟು ಉದ್ದದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ, ನಾನೇ ಕಂಡುಕೊಂಡಿದ್ದೆ. ಆ ಹೆಮ್ಮೆ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಇನ್ನು ಆಯದ ಮಾತು. ನಮ್ಮ ಕಡೆ ಮನೆಗೆ ಪಾಯ ತೋಡುವ ಮೊದಲು ಆಯ ಬರಬೇಕು. ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಿದಾಗ ಒಂದು ಉಳಿದರೆ ಧ್ವಜಾಯ, ಮನೆತನ ಮೇಲಕ್ಕೆ ಬರುತ್ತದೆ. ಏನೂ ಉಳಿಯದಿದ್ದರೆ ಮನೆಯಲ್ಲೂ ಏನೂ ಉಳಿಯುವುದಿಲ್ಲ. ಜೋಯಿಸರ ಚೀಟಿ ಹಿಡಿದುಕೊಂಡು ಜನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಇಲ್ಲಿ ಮೂರು ಇಂಚು ಹೆಚ್ಚಿಸ್ರಿ, ಅಲ್ಲಿ ಅರ್ಧ ಅಡಿ ಇಳಿಸ್ರಿ. ನಮ್ಮ ಫೋಲ್ಡರುಗಳಲ್ಲಿ ಸರಳವಾಗಿ ಹತ್ತಡಿ ಎಂಬ ಕೋಣೆಯೇ ಸಿಗುತ್ತಿರಲಿಲ್ಲ. ಎಲ್ಲದಕ್ಕೂ ಬಾಲದಂತೆ ಒಂದೆರಡು ಇಂಚು ಅಂಟಿಕೊಂಡಿರುತ್ತಿತ್ತು. ಅವರು ಮೆಟ್ಟಿಲು ಇಳಿದ ಮೇಲೆ ನಾನು ನಗುತ್ತಿದ್ದೆ. ಅಂಕಿಯನ್ನು ನಂಬಿಕೊಂಡು ಬದುಕುವ ಜನ ಎಂದು ಕನಿಕರವನ್ನೂ ಪಡುತ್ತಿದ್ದೆ.

ಹೀಗಿರುವಾಗ ಮೂಡಲಗಿಯಿಂದ ಒಬ್ಬ ಬೆಲ್ಲದ ಸಾವಕಾರರು ಬಂದರು. ಜೈನರು, ತಲೆತಲಾಂತರದ ವ್ಯಾಪಾರ, ಕೊಲ್ಲಾಪುರದ ತುಂಬ ಬೀಗರು. ಆ ಬೀಗರ ಪೈಕಿಯ ಇಂಜಿನಿಯರ್ ಒಬ್ಬರು ಹೊಸ ಮನೆಯ ನಕ್ಷೆ ತೆಗೆದು ಸಿಡಿಯಲ್ಲಿ ಕಳಿಸಿದ್ದರು. ಕಾಗದದ ಪ್ರತಿ ಆಯ ನೋಡಿದ ಜೋಯಿಸರ ಬಳಿಯೇ ಉಳಿದಿತ್ತು. ಮೂವತ್ತೊಂದು ಅಡಿ ಅಗಲದ ಜಾಗ, ಎರಡೂ ಬದಿಗೆ ಬೇರೆಯವರ ಗೋಡೆ. ಒಂದು ಬದಿ ಒಂದೂವರೆ ಅಡಿ ಬಿಟ್ಟರೆ ಸಾಕು, ಇನ್ನೊಂದು ಬದಿ ನಾಲ್ಕೂವರೆ ಬೇಕೇ ಬೇಕು.

“ಹಿತ್ತಲದಾಗ ಬೆಲ್ಲದ ಗೋದಾಮ ಐತ್ರಿ. ಕೈಗಾಡಿ ಅಲ್ಲಿಂದನ ಹೋಗಬೇಕು. ಅದೊಂದು ದಾರಿ ಬಿಟ್ಟ ಏನ ಬೇಕಾದ್ದ ಮಾಡ್ರಿ” ಎಂದರು.

ಅವರ ಹಿಂದೆ ಮೆಟ್ಟಿಲ ಬಳಿಯೇ ಚಪ್ಪಲಿ ಬಿಟ್ಟು ನಿಂತಿದ್ದವರು ಗೌಂಡಿ ಕಾಕಾ. ಹುಕ್ಕೇರಿ ಕಡೆಯ ಹಳ್ಳಿಯವರು. ಅವರ ಮನೆಯಲ್ಲಿ ಎಲ್ಲರೂ ಕುರಿ ಕಾದವರೇ, ಗಾರೆಯ ಕರಣಿ ಹಿಡಿದವರು ಇವರೊಬ್ಬರೇ. ಇಪ್ಪತ್ತು ವರ್ಷದಿಂದ ಮೂಡಲಗಿಯ ಆ ಪೇಟೆ ಓಣಿಯಲ್ಲಿ ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತ ಬಂದಿದ್ದರು. ಓಣಿ ಬಿಟ್ಟು ಹೊರಗೆ ಕೆಲಸ ಹುಡುಕುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ಸೊಂಟದಲ್ಲಿ ದುಂಡಗಿನ ಚರ್ಮದ ಡಬ್ಬಿಯೊಳಗೆ ಸುತ್ತಿಟ್ಟ ಒಂದು ಬಟ್ಟೆಯ ಟೇಪು. ಅದನ್ನು ಬಿಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳುತ್ತಿದ್ದರು.

ಸಿಡಿ ಹಾಕಿದೆ, ಪುಡಿ ಮಾಡಿದೆ, ಕಸ ಹೆಕ್ಕಿದೆ. ಪಿಡಿಎಫ್‌ನಲ್ಲಿ ಮನೆಯ ಉದ್ದದ ಗೆರೆಯ ಮೇಲೆ ನಲವತ್ತೊಂದು ಅಡಿ ಎಂದು ಬರೆದಿತ್ತು. ನಕ್ಷೆಯಲ್ಲೆಲ್ಲ ಅದೇ ಅತಿ ಉದ್ದದ ಗೆರೆ. ಅದನ್ನೇ ಹಿಡಿದು ಅಳತೆ ಕೊಟ್ಟೆ. ನಕ್ಷೆ ಮೈ ಮುರಿದುಕೊಂಡು ತನ್ನ ಗಾತ್ರಕ್ಕೆ ಬಂತು. ಆಮೇಲೆ ಕಂಪ್ಯೂಟರ್ ತೋರಿಸಿದ ಅಳತೆಗಳನ್ನು ನನ್ನ ಅಚ್ಚುಕಟ್ಟು ಅಂಕಿಗಳಲ್ಲಿ ಹೊಸದಾಗಿ ಬರೆದೆ. ಮಲಗುವ ಕೋಣೆ ಹತ್ತಡಿ ಮೂರು ಇಂಚು. ಮನೆಯ ಅಗಲ ಇಪ್ಪತ್ತೈದು ಅಡಿ ಏಳೂವರೆ ಇಂಚು. ಬೇರೆ ಯಾವ ಸೀಮೆಯಲ್ಲಾದರೂ ಇಂಥ ಅಂಕಿ ಕಂಡ ಕೂಡಲೇ ಎಲ್ಲೋ ಎಡವಟ್ಟಾಗಿದೆ ಎಂದು ತಿರುಗಿ ನೋಡುತ್ತಿದ್ದರು. ನಾನು ನಕ್ಕೆ. ಸಾವಕಾರರು ಕೋಣೆಕೋಣೆಗೂ ಆಯ ಕೂಡಿಸಿದ್ದಾರೆ ಎಂದುಕೊಂಡು ಪ್ರಿಂಟ್ ಕೊಟ್ಟೆ.

ನಾಲ್ಕು ದಿನಕ್ಕೆ ಸಾವಕಾರರೂ ಕಾಕಾನೂ ಮತ್ತೆ ಬಂದರು. ಈ ಸಲ ಮಾತಾಡಿದವರು ಕಾಕಾ.

“ಅಕ್ಕಾರ, ಸುಣ್ಣದ ಗೆರಿ ಹಾಕಿ ನೋಡಿದ್ನಿರಿ. ಗಾಡಿ ದಾರಿ ನಾಲ್ಕ ಅಡಿನೂ ಉಳಿಯಂಗಿಲ್ಲ. ಮನಿ ಅಗಲ ಎಲ್ಲೋ ಹೆಚ್ಚಿಗಿ ಬಿದ್ದಂಗ ಕಾಣತೈತಿ. ಒಮ್ಮಿ ನೋಡ್ತೀರೇನ್ರಿ?”

ನೋಡಬಹುದಿತ್ತು. ಆರಿಸಿದ್ದ ಆ ಅಂಕಿಗಳ ಪದರವನ್ನು ಹಚ್ಚಲು ಒಂದು ನಿಮಿಷವೂ ಬೇಡ. ಆದರೆ ಅಂದು ಮೂರು ತಾಸು ಕರೆಂಟು ಹೋಗಿ ಆಗಷ್ಟೇ ಬಂದಿತ್ತು, ಮೇಜಿನ ಮೇಲೆ ಬೇರೆ ಕೆಲಸ ಬಿದ್ದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಅಳತೆಯನ್ನು ಒಬ್ಬ ಗೌಂಡಿ ಪ್ರಶ್ನಿಸಿದ್ದು ನನಗೆ ಸಿಟ್ಟು ತರಿಸಿತ್ತು. ಅವರ ಟೇಪನ್ನು ಇಸಿದುಕೊಂಡು ಎರಡು ಮೊಳ ಹೊರಗೆಳೆದೆ.

“ಬಟ್ಟಿ ಟೇಪು. ಎಷ್ಟ ವರ್ಷ ಆತು ಕಾಕಾ?”

“ಹದಿನೆಂಟ ಆಗಿರಬೇಕರಿ.”

“ಹಂಗಾದ್ರ ಜಗ್ಗಿ ಉದ್ದ ಆಗೇತಿ. ಬಟ್ಟಿ ಜಗ್ಗತೈತಿ, ಕಂಪ್ಯೂಟರ್ ಜಗ್ಗೂದಿಲ್ಲ. ಅದು ತಪ್ಪ ಮಾಡೂದಿಲ್ರಿ. ಹಾಳಿ ಮ್ಯಾಲಿನ ಅಂಕಿ ಹಿಡದ ಕಟ್ರಿ, ದಾರಿ ತಾನ ಉಳಿತೈತಿ.”

ಸಾವಕಾರರು ಒಮ್ಮೆ ಟೇಪನ್ನು ನೋಡಿದರು, ಒಮ್ಮೆ ಹೂವಿನ ಗೌಸನ್ನು ನೋಡಿದರು. “ಅಕ್ಕಾರು ಹೇಳಿದಂಗ ಕಟ್ಟ” ಎಂದರು. ಕಾಕಾ ಟೇಪು ಸುತ್ತಿ ಡಬ್ಬಿಯಲ್ಲಿಟ್ಟುಕೊಂಡರು.

ಪಾಯ ಮೇಲೆದ್ದು ಮೊಳಕಾಲೆತ್ತರಕ್ಕೆ ಬಂದಾಗ ಸಾವಕಾರರ ಫೋನು ಬಂತು. ನನ್ನ ನಕ್ಷೆಯ ಸುರುಳಿ, ಕಚೇರಿಯ ಸ್ಟೀಲ್ ಟೇಪು ಕೊಟ್ಟು ಸಾಹೇಬರು ನನ್ನನ್ನು ಮೂಡಲಗಿಗೆ ಅಟ್ಟಿದರು. ಹೋಗಿ ನೋಡಿದರೆ ಹೊಸ ಕಲ್ಲಿನ ಪಾಯಕ್ಕೂ ನೆರೆಮನೆಯ ಗೋಡೆಗೂ ನಡುವೆ ಬೆಲ್ಲದ ಪೆಂಟೆ ಹೇರಿದ ಕೈಗಾಡಿಯೊಂದು ಸಿಕ್ಕಿಕೊಂಡು ನಿಂತಿದೆ. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಬಿಸಿಲಿಗೆ ಬೆಲ್ಲ ಬೆವರುತ್ತಿದೆ, ಇರುವೆಗಳು ನೆಂಟರಿಷ್ಟರಿಗೆಲ್ಲ ಹೇಳಿಕಳಿಸಿವೆ. ಓಣಿಯ ಅರ್ಧ ಜನ ಅಲ್ಲೇ ಇದ್ದರು. ಕಾಕಾ ಒಂದು ಕಲ್ಲಿನ ಮೇಲೆ ಕೂತಿದ್ದರು.

ನಾನು ಸ್ಟೀಲ್ ಟೇಪು ಹಿಡಿದು ಅಳೆದೆ. ಉದ್ದ ನಲವತ್ತೊಂದು ಅಡಿ, ಅಗಲ ಇಪ್ಪತ್ತೈದು ಅಡಿ ಏಳೂವರೆ ಇಂಚು. ನನ್ನ ಹಾಳೆಯಲ್ಲಿ ಏನಿತ್ತೋ ಅದೇ, ದಾರದೆಳೆಯಷ್ಟೂ ಆಚೀಚೆ ಇಲ್ಲ. ಹದಿನೆಂಟು ವರ್ಷದ ಬಟ್ಟೆಯ ಟೇಪು ಹಿಡಿದು ಅಷ್ಟು ಕರಾರುವಾಕ್ಕಾಗಿ ಕಟ್ಟಿದ್ದರು. ಹಾಗಾದರೆ ತಪ್ಪಿದ್ದು ನನ್ನ ಹಾಳೆಯೇ.

“ಏನಂತೀರಿ ಅಕ್ಕಾರ? ಟೇಪು ಜಗ್ಗಿದ್ದ ಹೌದಲ್ರಿ?” ಎಂದು ಸಾವಕಾರರು ಕೇಳಿದರು.

ಅಲ್ಲ ಎನ್ನಬೇಕಿತ್ತು. “ಆಫೀಸಿಗೆ ಹೋಗಿ ನೋಡಿ ಹೇಳ್ತೇನ್ರಿ” ಎಂದೆ. ಅಷ್ಟು ಸಾಕಾಯಿತು. ಎಲ್ಲರೂ ಕೇಳುವಂತೆ ಸಾವಕಾರರು ಕಾಕಾಗೆ, ನಾಳೆಯಿಂದ ಬರಬ್ಯಾಡ, ಸಂಕೇಶ್ವರದಿಂದ ಬ್ಯಾರೆ ಗೌಂಡಿನ್ನ ಕರಸ್ತೇನಿ ಎಂದರು. ಮುಂದಿನ ಎರಡು ಮನೆಗಳ ಕೆಲಸ ಕೊಡುವುದಾಗಿ ಕಾಕಾಗೆ ಮಾತು ಕೊಟ್ಟಿದ್ದವರು ಅಲ್ಲೇ ನಿಂತು ಮುಖ ಬೇರೆ ಕಡೆ ತಿರುಗಿಸಿದರು. ನಾನು ಮೊದಲೇ ಹೇಳಿದ್ದೆ ಎಂದು ಕಾಕಾ ಒಂದು ಮಾತು ಆಡಬಹುದಿತ್ತು. ನನ್ನನ್ನು ಒಮ್ಮೆ ನೋಡಿದರು ಅಷ್ಟೇ. ನಾನು ಟೇಪು ಸುತ್ತುವ ಕೆಲಸದಲ್ಲಿ ಬಹಳ ಮಗ್ನಳಾದೆ.

ಕಚೇರಿಗೆ ಬಂದು ಆರಿಸಿದ್ದ ಪದರ ಹಚ್ಚಿದೆ. ಪುಡಿಪುಡಿ ಕಡ್ಡಿಗಳಲ್ಲೇ ಅಂಕಿಗಳು ಸ್ಪಷ್ಟವಾಗಿ ಕಂಡವು. ಕೋಣೆ ಹತ್ತಡಿ. ಅಗಲ ಇಪ್ಪತ್ತೈದು ಅಡಿ. ಎಲ್ಲೂ ಇಂಚಿನ ಬಾಲ ಇಲ್ಲ. ಒಂದೊಂದನ್ನೇ ಕೂಡಿಸಿದರೆ ಉದ್ದ ಬರುವುದು ನಲವತ್ತು, ಬರೆದದ್ದು ಮಾತ್ರ ನಲವತ್ತೊಂದು. ಕೆಳಗಿನ ಎಸ್‌ಟಿಡಿ ಬೂತಿನಿಂದ ಕೊಲ್ಲಾಪುರದ ಇಂಜಿನಿಯರಿಗೆ ಫೋನು ಹಚ್ಚಿದೆ. ಅವರು ಮರಾಠಿಯಲ್ಲಿ ನಗುತ್ತಲೇ ಹೇಳಿದರು. ಇಪ್ಪತ್ತೈದನ್ನು ನಲವತ್ತರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಶೇಷ ಸೊನ್ನೆ, ಸಾವಕಾರರು ಒಪ್ಪಲಿಲ್ಲ. ನಲವತ್ತೊಂದಾದರೆ ಒಂದು ಉಳಿಯುತ್ತದೆ, ಧ್ವಜಾಯ. ಅದಕ್ಕೆ ತಾವು ಗೆರೆ ಹಾಗೇ ಬಿಟ್ಟು ಮೇಲಿನ ಅಂಕಿಯನ್ನಷ್ಟೇ ಬದಲಿಸಿದ್ದರಂತೆ. ಹೆಚ್ಚಿನ ಒಂದಡಿಯನ್ನು ಗೌಂಡಿ ಪಡಸಾಲೆಯಲ್ಲಿ ಹೇಗೋ ಹೊಂದಿಸಿಕೊಳ್ಳುತ್ತಾನೆ, ಎಲ್ಲರೂ ಹೀಗೇ ಮಾಡುತ್ತಾರಲ್ಲ, ನಿಮಗೆ ಗೊತ್ತಿಲ್ಲವೇ ಎಂದರು.

ಅಂದರೆ ಇಡೀ ನಕ್ಷೆಯಲ್ಲಿ ಇದ್ದದ್ದು ಒಂದೇ ಒಂದು ಸುಳ್ಳು ಅಂಕಿ. ನನ್ನ ಸ್ವಂತ ಬುದ್ಧಿ ಖರ್ಚು ಮಾಡಿ ಅದನ್ನೇ ಹುಡುಕಿ ಹಿಡಿದಿದ್ದೆ. ಆ ಒಂದಡಿಯ ಸುಳ್ಳನ್ನು ಕಂಪ್ಯೂಟರ್ ಎಲ್ಲ ಗೋಡೆಗಳಿಗೂ ನ್ಯಾಯವಾಗಿ ಹಂಚಿಕೊಟ್ಟಿತ್ತು. ಅಂಕಿಯನ್ನು ನಂಬಿಕೊಂಡವರನ್ನು ಕಂಡು ನಗುತ್ತಿದ್ದವಳು ನಾನು. ಜೋಯಿಸರಾದರೂ ಒಂದು ಅಂಕಿಯನ್ನಷ್ಟೇ ಕೆಡಿಸಿದ್ದರು.

ಸಾಹೇಬರಿಗೆ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತರು.

“ಮುಗದ ಹೋತು ಬಿಡವಾ. ಗೌಂಡಿಗೆ ಇನ್ನೊಂದ ಊರು ಸಿಗತೈತಿ. ಆಫೀಸಿಗೆ ಇನ್ನೊಂದ ಹೆಸರು ಸಿಗೂದಿಲ್ಲ. ಹಾಳಿ ತಿದ್ದಿ ಕೊಟ್ಟ ಸುಮ್ಮನಿರು.”

ಆ ದಿನ ಬಸ್ಸಿನಲ್ಲಿ ಅಂಕಲಗಿಯ ತನಕ ನನಗೆ ನಾಚಿಕೆಯಾಯಿತು. ಸಾಹೇಬರ ಮೇಲೆ ಸಿಟ್ಟು ಬಂದದ್ದು ಅದಕ್ಕಿಂತ ಕಡಿಮೆ. ಮರುದಿನ ಜ್ವರವೆಂದು ಕಚೇರಿಗೆ ಸುಳ್ಳು ಹೇಳಿ, ಹಳೆಯದೂ ತಿದ್ದಿದ್ದೂ ಎರಡು ಪ್ರಿಂಟು, ಕಚೇರಿಯ ಸ್ಟೀಲ್ ಟೇಪು ಹಿಡಿದು ಮೂಡಲಗಿಗೆ ಹೋದೆ. ಸತ್ಯ ಹೇಳಲು ಹೊರಟವಳು ಮೊದಲು ಒಂದು ಸುಳ್ಳು ಹೇಳಬೇಕಾಯಿತು.

ಕಾಕಾ ತಮ್ಮ ಸಾಮಾನು ಒಯ್ಯಲು ಅಲ್ಲಿಗೆ ಬಂದಿದ್ದರು. ಒಳ್ಳೆಯದೇ ಆಯಿತು ಎಂದುಕೊಂಡೆ. ಸಾವಕಾರರ ಮುಂದೆ ಎರಡೂ ಹಾಳೆ ಬಿಡಿಸಿ, ತಪ್ಪು ನನ್ನದು, ಕಾಕಾದು ಏನೂ ತಪ್ಪಿಲ್ಲ, ನಾನು ಕೊಟ್ಟ ಅಂಕಿಯನ್ನೇ ಅವರು ಕಟ್ಟಿದ್ದಾರೆ ಎಂದೆ. ಅವರು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ, ಎರಡೂ ಭಾಳ ಚಂದ ಬಂದಾವರಿ ಎಂದರು. ಕಾಕಾನ ಟೇಪು ಕೇಳಿ ತೆಗೆದುಕೊಂಡು, ನನ್ನ ಸ್ಟೀಲ್ ಟೇಪಿನ ಪಕ್ಕಕ್ಕೆ ನೆಲದ ಮೇಲೆ ಹಾಸಿ ತೋರಿಸಿದೆ. ಮೂವತ್ತು ಅಡಿಗೆ ಮೂವತ್ತು ಅಡಿ ಕೂಡಿತ್ತು.

“ರಾತ್ರಿ ಮಳಿ ಆಗೇತ್ರಿ, ತಂಪಿಗೆ ಟೇಪು ಒಂದ ಗೇಣು ಹಿಂದ ಸರದೈತಿ” ಎಂದರು ಸಾವಕಾರರು.

“ಅಲ್ರಿ ಸಾವಕಾರ್ರ, ಟೇಪು ಜಗ್ಗಿದ್ರ ಉದ್ದನೂ ಹೆಚ್ಚಾಗಬೇಕಿತ್ತಲ್ರಿ? ಉದ್ದ ಬರೋಬ್ಬರಿ ನಲವತ್ತೊಂದ ಐತಿ.”

“ಉದ್ದಕ್ಕ ಧ್ವಜಾಯ ಐತಲ್ರಿ ಅಕ್ಕಾರ. ಅದು ಹೆಂಗ ತಪ್ಪತೈತಿ?”

ನನ್ನ ದನಿ ಏರಿತು. ಕಂಪ್ಯೂಟರಿಗೆ ತಪ್ಪು ಅಂಕಿ ಕೊಟ್ಟವಳು ನಾನೇ, ಬೇಕಾದರೆ ಕೊಲ್ಲಾಪುರಕ್ಕೆ ಫೋನು ಮಾಡಿ ಕೇಳಿ ಎಂದೆ. ಸಾವಕಾರರಿಗೆ ನನ್ನ ಮೇಲೆ ಸಿಟ್ಟೇನೂ ಬರಲಿಲ್ಲ. ಮಗಳನ್ನು ಸಮಾಧಾನ ಮಾಡುವವರಂತೆ ಮೆಲ್ಲಗೆ ಹೇಳಿದರು.

“ಬಡವನ ಮ್ಯಾಲೆ ನಿಮಗ ಮರುಕ ಬಂದೈತಿ, ದೊಡ್ಡ ಮನಸ್ಸು ನಿಮ್ಮದು. ಆದ್ರ ಅವತ್ತ ನೀವ ಹೇಳೀರಿ, ಕಂಪ್ಯೂಟರ್ ತಪ್ಪ ಮಾಡೂದಿಲ್ಲ ಅಂತ. ನಾ ಎದುರಿಗೇ ಇದ್ನಲ್ರಿ. ಅವತ್ತ ಸಿಟ್ಟಿನ್ಯಾಗ ಖರೆ ಹೇಳಿದ್ರಿ. ಇವತ್ತ ಮರುಕಕ್ಕ ಸುಳ್ಳ ಹೇಳಾಕತ್ತೀರಿ.”

ಒಳಗಿನಿಂದ ನನಗೆ ಚಹಾ ತರಿಸಿಕೊಟ್ಟರು. ನಾನು ಕುಡಿದು ಮುಗಿಸುವಷ್ಟರಲ್ಲಿ ಕಾಕಾ ಚೀಲ ಹೆಗಲಿಗೇರಿಸಿ ಹೋಗಿಬಿಟ್ಟಿದ್ದರು.

ಸಂಕೇಶ್ವರದ ಗೌಂಡಿ ಬಂದು, ಒಂದು ಬದಿಯ ಪಾಯ ಕಿತ್ತು, ನಾನು ತಿದ್ದಿಕೊಟ್ಟ ಹಾಳೆಯಂತೆ ಕಟ್ಟಿದ. ನಲವತ್ತೊಂದು ಅಡಿ ತಪ್ಪಬಾರದಲ್ಲ, ಹೆಚ್ಚಿನ ಒಂದಡಿಯನ್ನು ಪಡಸಾಲೆಗೆ ಸೇರಿಸಿದ್ದೆ. ಗಾಡಿ ಸಲೀಸಾಗಿ ಹಿತ್ತಲಿಗೆ ಹೋಗತೊಡಗಿತು. ಸಾವಕಾರರು ಗೃಹಪ್ರವೇಶಕ್ಕೆ ಬಂದವರಿಗೆಲ್ಲ ನಮ್ಮ ಕಚೇರಿಯ ದಾರಿ ಹೇಳಿಕೊಟ್ಟರು. ಮೂಡಲಗಿಯ ಫೋಲ್ಡರು ದಪ್ಪಗಾಯಿತು. ಸಾಹೇಬರು ಕಂಪ್ಯೂಟರಿಗೆ ಹೊಸ ಗೌಸು ಹೊಲಿಸಿದರು. ತಪ್ಪು ಮಾಡಿದವಳೆಂದು ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಯಾರಾದರೂ ಅಂದಿದ್ದರೆ ಆಗ ಎಷ್ಟೋ ಹಗುರವಾಗುತ್ತಿತ್ತು.

ಐದಾರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕಾಕಾ ಕಚೇರಿಗೆ ಬಂದರು. ಮೊದಲಿನಂತೆಯೇ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟರು. ಕೂರಿ ಎಂದರೂ ಕೂರಲಿಲ್ಲ. ಹುಕ್ಕೇರಿ ಕಡೆ ದನದ ಕೊಟ್ಟಿಗೆ, ಹೊಲದ ಬಾಂದು ಎಂದು ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದಾರಂತೆ. ಮನೆ ಕಟ್ಟಲು ಯಾರೂ ಕರೆಯುವುದಿಲ್ಲವಂತೆ.

“ಕಾಕಾ, ನಾ ಅವರಿಗೆ ಹೇಳಿದ್ನಿ. ನೀವೂ ಅಲ್ಲೇ ಇದ್ರಿ. ಅವರು ನಂಬಲಿಲ್ಲ.”

“ಹೇಳಿದ್ರಿ. ನಾನೂ ಕೇಳಿದ್ನಿರಿ” ಎಂದರು. “ಆದ್ರ ಅವತ್ತಿನ ಮಾತು ಅದಕ್ಕಿಂತಾ ಜೋರ ಇತ್ತ ನೋಡ್ರಿ.”

ಸೊಂಟದಿಂದ ಚರ್ಮದ ಡಬ್ಬಿ ಬಿಚ್ಚಿ ನನ್ನ ಮೇಜಿನ ಮೇಲೆ, ಕೀಬೋರ್ಡಿನ ಬಾಜೂ ಇಟ್ಟರು. ಸ್ಟೀಲಿನ ಹೊಸ ಟೇಪು ತಗೊಂಡಿದ್ದಾರಂತೆ.

“ಇದನ್ನ ಎಲ್ಲಿ ಬಿಚ್ಚಿದ್ರೂ ಮಂದಿ ನಗತಾರ್ರಿ. ಜಗ್ಗಿದ ಟೇಪಿನ ಗೌಂಡಿ ಅಂತ ಹುಕ್ಕೇರಿ ತನಕ ಹೆಸರು ಬಿದ್ದೈತಿ. ಒಗ್ಯಾಕ ಮನಸ್ಸ ಬರವಲ್ದು. ಇದು ಬರೋಬ್ಬರಿ ಐತಿ ಅನ್ನೂದು ನಿಮಗೊಬ್ಬರಿಗೇ ಗೊತ್ತೈತಿ. ನೀವ ಇಟ್ಟಗೋರಿ.”

ಡಬ್ಬಿಯನ್ನು ನಾನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮೆಟ್ಟಿಲಲ್ಲಿ ಯಾರೋ ಏದುಸಿರು ಬಿಡುತ್ತ ಹತ್ತಿ ಬಂದರು. ಮೂಡಲಗಿಯ ಹೊಸ ಗಿರಾಕಿ, ಕೈಯಲ್ಲಿ ಸಿಡಿ. ಬೆಲ್ಲದ ಸಾವಕಾರರು ಕಳಿಸಿದ್ದಂತೆ. ಕಾಕಾ ಅವರಿಗೆ ದಾರಿ ಬಿಟ್ಟು, ಚಪ್ಪಲಿ ಮೆಟ್ಟಿ ಇಳಿದುಹೋದರು.

“ತಪ್ಪು ಮಾಡದ ಕಂಪ್ಯೂಟರ್ ಇದ ಏನ್ರಿ?” ಎಂದು ಗಿರಾಕಿ ಕೇಳಿದರು.

ಅಲ್ಲ ಎಂದೆ. ಅವರು ದೊಡ್ಡದಾಗಿ ನಕ್ಕು, ಕುರ್ಚಿ ಎಳೆದುಕೊಂಡು ಕೂತರು.